ಹರಿದ ಹಾಳೆಯ ಜೊತೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ನಡುಮನೆ ಒಂದು ಸಣ್ಣ ಕಾರ್ಖಾನೆಯಾಗುತ್ತದೆ. ಒಂದು ಕಡೆ ಹೊಸ ನೋಟ್‌ಬುಕ್ಕುಗಳ ಅಟ್ಟಿ. ಇನ್ನೊಂದು ಕಡೆ ಕಂದು ಕಾಗದದ ಸುರುಳಿ. ನಡುವೆ ಕತ್ತರಿ, ಗೋಂದು, ಹೆಸರಿನ ಚೀಟಿ, ಸೂಜಿ, ದಾರ. ಈ ಎಲ್ಲದರ ಮಧ್ಯದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತ ಯಜಮಾನ ನಾನು. ಮನೆಯ ಬೇರೆ ಯಾವ ಕೆಲಸದಲ್ಲೂ ನನಗಿಲ್ಲದ ಅಧಿಕಾರ ಆ ಎರಡು ದಿನ ನನಗೆ ದೊರೆಯುತ್ತದೆ. ಗಣಿತಕ್ಕೆ ಚೌಕುಳಿ, ಇಂಗ್ಲಿಷಿಗೆ ನಾಲ್ಕು ಗೆರೆ, ಕಾಪಿ ಬರೆಯಲು ಎರಡು ಗೆರೆ, ಉಳಿದದ್ದಕ್ಕೆ ಒಂದು ಗೆರೆ. ಯಾವುದು ನೂರು ಪುಟದ್ದು, ಯಾವುದು ಇನ್ನೂರರದ್ದು ಎಂಬುದನ್ನು ನಾನು ಕಣ್ಣುಮುಚ್ಚಿ ಹೇಳಬಲ್ಲೆ. ಕಾಗದವನ್ನು ಅಳೆದು, ಮಡಿಸಿ, ಮೂಲೆಯಲ್ಲಿ ಓರೆಯಾಗಿ ಕತ್ತರಿಸಿ, ರಟ್ಟಿಗೆ ಸುಕ್ಕಿಲ್ಲದಂತೆ ಹೊದಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿ ಇಲ್ಲ. ಇದು ಜಂಬದ ಮಾತು. ಇರಲಿ, ಮುಂದೆ ಅದಕ್ಕೆ ತಕ್ಕ ಶಾಸ್ತಿ ಆಗುವುದಿದೆ.

ಬಯಲುಸೀಮೆಯವರಿಗೆ ಈ ಹೊದಿಕೆ ಬರಿಯ ಅಲಂಕಾರವಾಗಿ ತೋರಬಹುದು. ಮಡಿಕೇರಿಯಲ್ಲಿ ಹಾಗಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ಅದರ ಬಹುಪಾಲು ಬೀಳುವುದು ಶಾಲೆ ತೆರೆದ ಮೊದಲ ಮೂರು ತಿಂಗಳಲ್ಲೇ. ಕಕ್ಕಡದ ಹೊತ್ತಿಗೆ ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಪುಸ್ತಕದ ಬೆನ್ನಿಗೂ ಬೂಷ್ಟು. ಶಾಯಿಯಲ್ಲಿ ಬರೆದ ಪಾಠ ಮನೆ ಸೇರುವಷ್ಟರಲ್ಲಿ ನೀಲಿ ಮೋಡವಾಗಿರುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ತಾಯಿ ನೆನೆದ ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಮೆಣಸಿನ ಚೀಲದ ಪಕ್ಕ ಒಣಗಲು ಇಡುತ್ತಿದ್ದರು. ಆ ವರ್ಷದ ಸಮಾಜ ಪಾಠವೆಲ್ಲ ಹೊಗೆಯ ವಾಸನೆ. ಇಂದಿಗೂ ಮೌರ್ಯರ ಹೆಸರು ಕೇಳಿದರೆ ನನಗೆ ಹೊಗೆ ನೆನಪಾಗುತ್ತದೆ. ಅಚ್ಚುಕಟ್ಟು ಎಂಬುದು ನಮ್ಮಲ್ಲಿ ಮಳೆಯ ಜೊತೆ ಮಾಡಿಕೊಂಡ ಒಪ್ಪಂದ. ಕೈಲ್ ಪೋಳ್ದಿನ ದಿನ ಕೊಡವರ ಮನೆಗಳಲ್ಲಿ ಕೋವಿ ಕತ್ತಿಗಳನ್ನು ಒರಸಿ, ತೋಕ್ ಪೂ ಮುಡಿಸಿ, ಕನ್ನಿಕೋಂಬರೆಯಲ್ಲಿ ಇಟ್ಟು ಪೂಜಿಸುವುದನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಕೈಗೆ ಬೇಕಾದದ್ದನ್ನು ಕೈಗೆ ಬೇಕಾದ ಹಾಗೆ ಇಟ್ಟುಕೊಳ್ಳುವುದು ದುಡಿಯುವವನ ಧರ್ಮ.

ಆದರೆ ಯಾರ ಕೈಗೆ? ನನ್ನ ತೊಡಕು ಇರುವುದು ಅಲ್ಲಿಯೇ.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ನನ್ನ ಮಗಳು ಎರಡನೆಯ ತರಗತಿ ಮುಗಿಸುತ್ತಿದ್ದಳು. ಜೂನ್ ಬಂತು, ಶಾಲೆ ತೆರೆಯಲಿಲ್ಲ. ಮನೆಯೇ ಶಾಲೆ, ನಾವೇ ಮೇಷ್ಟ್ರು. ನನ್ನ ಹೆಂಡತಿ ಈ ಸುದ್ದಿಯನ್ನು ಚಿಂತೆಯಿಂದ ಬರಮಾಡಿಕೊಂಡಳು. ನಾನು ಮಾತ್ರ, ಈಗ ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೇ ಹಿಗ್ಗಿದೆ. ವರ್ಷಕ್ಕೆ ಎರಡು ದಿನ ಇದ್ದ ಅಧಿಕಾರ ವರ್ಷಪೂರ್ತಿ ಕೈಗೆ ಬಂದಿತ್ತು. ಕಿಟಕಿಯ ಬಳಿ ಒಂದು ಮೇಜು. ಮೇಜಿನ ಮೇಲೆ ವಿಷಯಕ್ಕೊಂದು ಪುಸ್ತಕ. ಒಂದೊಂದಕ್ಕೂ ಬೇರೆ ಬಣ್ಣದ ಚೀಟಿ. ಪೆನ್ಸಿಲಿಗೊಂದು ಡಬ್ಬಿ, ರಬ್ಬರು ಮೆಂಡರುಗಳಿಗೊಂದು ಡಬ್ಬಿ. ಗೋಡೆಯ ಮೇಲೆ ನನ್ನ ಕೈಬರಹದ ವೇಳಾಪಟ್ಟಿ. ಅದನ್ನು ನೋಡಿದವರೆಲ್ಲ ಹೊಗಳಿದರು. ಮಗಳೂ ಮೊದಲ ವಾರ ಅದರೆದುರು ನಿಂತು ಹೆಮ್ಮೆಯಿಂದ ಓದಿದಳು.

ಬರೆದ ಪಾಠವನ್ನು ಸಂಜೆ ಫೋನಿನಲ್ಲಿ ಚಿತ್ರ ತೆಗೆದು ಶಿಕ್ಷಕಿಗೆ ಕಳುಹಿಸಬೇಕು. ಚಿತ್ರ ಹೋಗುವುದು ಒಬ್ಬರಿಗಲ್ಲ, ಇಡೀ ತರಗತಿಯ ತಂದೆತಾಯಿಗಳ ಗುಂಪಿಗೆ. ನನ್ನ ಕಣ್ಣು ಕೆಟ್ಟದ್ದು ಆಗಲೇ. ಮಗಳು ಬರೆದ ಪುಟದಲ್ಲಿ ಒಂದು ಕಾಟು ಕಂಡರೆ, ಒಂದು ಒತ್ತಕ್ಷರ ತಪ್ಪಿದರೆ, ನಾನು ಆ ಹಾಳೆಯನ್ನು ಹರಿದು, "ಇನ್ನೊಂದು ಸಲ ಚೆನ್ನಾಗಿ ಬರಿ, ಮಗಾ" ಎನ್ನುತ್ತಿದ್ದೆ. ಗದರಲಿಲ್ಲ, ಹೊಡೆಯಲಿಲ್ಲ, ಎಷ್ಟೊಂದು ಸಮಾಧಾನದಿಂದ ಹರಿಯುತ್ತಿದ್ದೆ ಎಂದರೆ ಅದು ತಪ್ಪಾಗಿರಬಹುದೆಂಬ ಅನುಮಾನವೇ ನನಗೆ ಬರಲಿಲ್ಲ. ಅವಳು ಮತ್ತೆ ಬರೆಯುತ್ತಿದ್ದಳು. ಕೆಲವು ದಿನ ಮೂರು ಸಲ. ಗುಂಪಿನಲ್ಲಿ ಹೊಗಳಿಕೆ ಬರುತ್ತಿತ್ತು.

ನಡುವೆ ಪಿನ್ನು ಹೊಡೆದ ಪುಸ್ತಕದ ರಚನೆಯನ್ನು ಬಲ್ಲವರು ಮುಂದೆ ಏನಾಯಿತೆಂದು ಆಗಲೇ ಊಹಿಸಿರಬೇಕು. ನೂರು ಪುಟದ ನೋಟ್‌ಬುಕ್ಕು ಎಂದರೆ ಐವತ್ತು ಬಿಡಿ ಎಲೆಗಳಲ್ಲ. 25 ದೊಡ್ಡ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಮಡಿಸಿದ್ದು. ಮುಂದಿನಿಂದ ಮೂರನೆಯ ಎಲೆಯೂ ಹಿಂದಿನಿಂದ ಮೂರನೆಯ ಎಲೆಯೂ ಒಂದೇ ಹಾಳೆ. ಒಂದನ್ನು ಹರಿದರೆ ಅದರ ಜೊತೆಯದು ಹಿಡಿತ ತಪ್ಪುತ್ತದೆ. ಆದರೆ ಕೂಡಲೇ ಬೀಳುವುದಿಲ್ಲ. ಆ ಪುಟದವರೆಗೆ ಬರೆದು ಮುಟ್ಟುವ ತನಕ ಗೊತ್ತೇ ಆಗುವುದಿಲ್ಲ. ನಮ್ಮ ಪುಸ್ತಕಗಳ ಕೊನೆಯ ಪುಟಗಳು ಉದುರತೊಡಗಿದ್ದು 2021ರ ಜನವರಿಯ ಹೊತ್ತಿಗೆ. ಒಂದು ಸಂಜೆ ಮಗಳು ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡು ಬಂದಳು. ಅದರಲ್ಲಿ ಅವಳು ಅಂದೇ ಬರೆದ ಮಗ್ಗಿ, ಒಂದೂ ತಪ್ಪಿಲ್ಲದ್ದು. "ಅಪ್ಪಾ, ಇದು ಸರಿಯಾಗಿಯೇ ಇತ್ತಲ್ಲ, ಇದು ಯಾಕೆ ಬಿತ್ತು?" ಎಂದು ಕೇಳಿದಳು. ಪಿನ್ನಿನ ವಿಷಯ ವಿವರಿಸಿದೆ. ಅವಳು ಕೇಳಿಸಿಕೊಂಡು, "ಹಾಗಾದರೆ ಇದು ನಿಮ್ಮ ಪುಸ್ತಕ. ನೀವೇ ಇಟ್ಟುಕೊಳ್ಳಿ" ಎಂದು ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಕೋಪದಿಂದ ಹೇಳಿದ್ದಲ್ಲ, ಯಾರದೋ ಕೊಡೆ ತಪ್ಪಿ ನಮ್ಮ ಮನೆಗೆ ಬಂದಿದ್ದರೆ ಹಿಂದಿರುಗಿಸುವ ಹಾಗೆ.

ಆ ರಾತ್ರಿ ನನಗೆ ನೆನಪಾದದ್ದು ನಾನು ವರ್ಷ ವರ್ಷ ತರಗತಿಯಲ್ಲಿ ಹೇಳುವ ಪಾಠ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದವರಿಗೆಲ್ಲ ತಿಳಿದ ವಿಷಯ. ಹಳೆಯ ಕಾವ್ಯವೊಂದರ ಓಲೆಯ ಪ್ರತಿಗಳು ನಾಲ್ಕಾರು ಸಿಕ್ಕಿದಾಗ, ಯಾವುದು ಯಾವುದರಿಂದ ಹುಟ್ಟಿತು ಎಂದು ಗೊತ್ತುಮಾಡುವುದು ಮುಖ್ಯವಾಗಿ ಅವುಗಳಲ್ಲಿರುವ ತಪ್ಪುಗಳಿಂದ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ ಅವು ಒಂದೇ ತಾಯಿಯ ಮಕ್ಕಳಿರಬಹುದು. ಏನೂ ತಿಳಿಯದೆ ಕಂಡದ್ದನ್ನು ಕಂಡಂತೆ ಬರೆದ ಲಿಪಿಕಾರನಿಂದ ಸಂಪಾದಕನಿಗೆ ಅಷ್ಟೇನೂ ಕೇಡಿಲ್ಲ. ಅವನ ತಪ್ಪು ತಪ್ಪಾಗಿಯೇ ಕಾಣುತ್ತದೆ, ಅದರ ಹಿಂದಿನ ನಿಜವಾದ ಪಾಠವನ್ನು ಊಹಿಸಬಹುದು. ಭಯಪಡಬೇಕಾದದ್ದು ಬುದ್ಧಿವಂತ ಲಿಪಿಕಾರನಿಗೆ. ಅವನು ಅರ್ಥವಾಗದ ಕಡೆ ತನಗೆ ಸರಿತೋರಿದ್ದನ್ನು ಸೇರಿಸಿ, ಛಂದಸ್ಸನ್ನೂ ಹೊಂದಿಸಿ, ಕಲೆಯಿಲ್ಲದ ಪ್ರತಿಯನ್ನು ಕೈಗೆ ಕೊಡುತ್ತಾನೆ. ಓದಲು ಸೊಗಸು, ಕವಿ ಮಾತ್ರ ಅಲ್ಲಿಂದ ಹೊರಟುಹೋಗಿರುತ್ತಾನೆ. ಇಷ್ಟನ್ನು ಎಂ.ಎ. ವಿದ್ಯಾರ್ಥಿಗಳಿಗೆ ಕೈಬೀಸಿ ಹೇಳಿದವನು ಮನೆಗೆ ಬಂದು ಮಾಡಿದ್ದು ಅದೇ ಲಿಪಿಕಾರನ ಕೆಲಸ. ಮಗಳು ಏಳೆಂಟಲಿ ಐವತ್ತನಾಲ್ಕು ಎಂದು ಏಕೆ ಬರೆಯುತ್ತಿದ್ದಳು, ಯಾವ ತಿಂಗಳಲ್ಲಿ ಅದು ಐವತ್ತಾರಾಯಿತು? ಆ ವರ್ಷದ ಪುಸ್ತಕಗಳಲ್ಲಿ ಅದಕ್ಕೆ ಸಾಕ್ಷಿಯಿಲ್ಲ. ಅವಳು ಕಲಿತ ಗುರುತನ್ನೆಲ್ಲ ನಾನು ಒಲೆಗೆ ಹಾಕಿದ್ದೆ. ಓಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನು ಅಳಿಸಲಾಗುತ್ತಿರಲಿಲ್ಲ ಎಂಬುದು ಒಂದು ಲೆಕ್ಕದಲ್ಲಿ ನಮ್ಮ ಪುಣ್ಯ.

ಇಲ್ಲಿ ಒಬ್ಬ ಓದುಗರು ತಡೆದು ಕೇಳಬಹುದು: ಹಾಗಾದರೆ ಕಾಟು ಕಲೆಗಳೇ ಕಲಿಕೆಯೆ? ಕೊಳಕು ಪುಸ್ತಕವೇ ಪ್ರಾಮಾಣಿಕವೆ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಇದಕ್ಕೆ ಸುಲಭದ ಉತ್ತರ ಕೊಡಲು ಹೋಗಿ ನಾನು ಇನ್ನೊಂದು ತಪ್ಪಿಗೆ ಬಿದ್ದೆ. ಅದನ್ನೂ ಹೇಳಬೇಕು.

2020ರ ಆಗಸ್ಟಿನಲ್ಲಿ ಸರಕಾರ ವಿದ್ಯಾಗಮ ಎಂಬ ಯೋಜನೆಯನ್ನು ತೆಗೆಯಿತು. ಫೋನಿಲ್ಲದ ಮಕ್ಕಳಿರುವ ಕಡೆಗೆ ಶಿಕ್ಷಕರೇ ಹೋಗಿ, ದೇವಸ್ಥಾನದ ಅಂಗಳದಲ್ಲೋ ಮರದ ಕಟ್ಟೆಯಲ್ಲೋ ಪಾಠ ಹೇಳುವುದು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಜಿಲ್ಲೆಯಲ್ಲಿ ಆ ದಿನಗಳಲ್ಲಿ ನೆಟ್‌ವರ್ಕು ಹುಡುಕಿಕೊಂಡು ಗುಡ್ಡ ಹತ್ತಿದ ಮಕ್ಕಳುಂಟು. ಸೋಮವಾರಪೇಟೆ ತಾಲೂಕಿನ ಮುಳ್ಳೂರಿನಲ್ಲಿ ಒಬ್ಬ ಮೇಷ್ಟ್ರು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಅಲ್ಲಿಂದ ಪಾಠ ಹೇಳಿದರು. ನಮ್ಮ ಪರಿಚಯದವರ ಕಾಫಿತೋಟದ ಲೈನ್ ಮನೆಯಲ್ಲಿ ನನ್ನ ಮಗಳ ವಯಸ್ಸಿನದೇ ಒಂದು ಹುಡುಗಿ ಇದ್ದಳು. ಅವಳ ಹತ್ತಿರ ಇದ್ದದ್ದು ಒಂದೇ ನೋಟ್‌ಬುಕ್ಕು. ಮುಂದಿನಿಂದ ಕನ್ನಡ, ಹಿಂದಿನಿಂದ ಲೆಕ್ಕ, ನಡುವೆ ಪರಿಸರ ಅಧ್ಯಯನ. ಎರಡು ಕಡೆಯಿಂದ ಬಂದ ಪಾಠಗಳು ಎಲ್ಲಿ ಕೂಡುತ್ತವೆ ಎಂದು ಅವಳು ಮೊದಲೇ ಲೆಕ್ಕ ಹಾಕಿ ಒಂದು ಅಡಿಕೆ ಸಿಪ್ಪೆಯ ಚೂರನ್ನು ಗುರುತಿಗೆ ಇಟ್ಟಿದ್ದಳು. ಕಾಟುಗಳಿದ್ದವು, ಮಳೆಯ ಕಲೆಯಿತ್ತು, ಒಂದು ಹಾಳೆಯೂ ಹರಿದಿರಲಿಲ್ಲ. ಹರಿಯಲು ಅವಳಿಗೆ ಹಾಳೆ ಎಲ್ಲಿತ್ತು? ಅದನ್ನು ನೋಡಿ ನನಗೆ ಭಕ್ತಿಯೇ ಹುಟ್ಟಿತು. ಕಾಲೇಜಿನಲ್ಲಿ ಸಿಕ್ಕಿದವರಿಗೆಲ್ಲ ಅದನ್ನು ಬಣ್ಣಿಸಿದೆ. ಬಡವರ ಮನೆಯ ಒಂದು ಪುಸ್ತಕವನ್ನು ನೋಡಿ ಭಕ್ತಿ ಪಡುವುದು ನಮ್ಮಂಥವರಿಗೆ ಎಷ್ಟು ಸುಲಭ!

ನನ್ನ ತಾಯಿ ಪ್ರತಿ ಏಪ್ರಿಲಿನಲ್ಲಿ ಒಂದು ಕೆಲಸ ಮಾಡುತ್ತಿದ್ದರು. ಹಳೆಯ ನೋಟ್‌ಬುಕ್ಕುಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನೆಲ್ಲ ಬಿಡಿಸಿ, ಒಟ್ಟು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಕ್ಯಾಲೆಂಡರಿನ ಹಾಳೆ ಹೊದಿಸಿ, ಮುಂದಿನ ವರ್ಷಕ್ಕೆ ರಫ್ ಪುಸ್ತಕ ಮಾಡಿಕೊಡುವುದು. ಚೌಕುಳಿ, ಎರಡು ಗೆರೆ, ನಾಲ್ಕು ಗೆರೆ ಎಲ್ಲ ಬೆರೆತ ಆ ಪುಸ್ತಕ ನನ್ನ ಬಾಲ್ಯದ ಅತ್ಯಂತ ಸುಖದ ವಸ್ತುಗಳಲ್ಲಿ ಒಂದು. ಅಲ್ಲಿ ತಪ್ಪು ಮಾಡಬಹುದಿತ್ತು. ಚಿತ್ರ ಬರೆಯಬಹುದಿತ್ತು. ಮೇಷ್ಟ್ರು ಅದನ್ನು ಕೇಳುತ್ತಿರಲಿಲ್ಲ. 2021ರ ಮೇ ತಿಂಗಳಲ್ಲಿ ನಾನೂ ಹಾಗೆಯೇ ಉಳಿದ ಹಾಳೆಗಳನ್ನು ಹೊಲಿದೆ. ಹೊಲಿದು, ಒಳ್ಳೆಯ ಕಾಗದ ಹೊದಿಸಿ, ಆ ಲೈನ್ ಮನೆಯ ಹುಡುಗಿಗೆ ಕೊಟ್ಟು ಬಂದೆ. ಅವಳ ತಾಯಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ವಾರದ ಮೇಲೆ ದಾರಿಯಲ್ಲಿ ಸಿಕ್ಕಾಗ, "ಪುಸ್ತಕ ಉಪಯೋಗಕ್ಕೆ ಬಂತೆ?" ಎಂದು ಕೇಳಿದೆ. "ಚೆನ್ನಾಗಿದೆ ಸಾರ್. ಮಗಳಿಗೆ ಹೊಸತೂ ಕೊಡಿಸಿದ್ದೇನೆ" ಎಂದಳು. ಅಷ್ಟೆ. ಆ 'ಊ' ಎಂಬ ಒಂದು ಅಕ್ಷರ ನನಗೆ ತಾಗಿದಷ್ಟು ಯಾವ ಬೈಗುಳವೂ ತಾಗುತ್ತಿರಲಿಲ್ಲ.

ಒಂದೇ ಕೆಲಸ, ಒಂದೇ ದಾರ, ನನ್ನ ತಾಯಿಯ ಕೈಯಲ್ಲಿ ಅದು ಪ್ರೀತಿ, ನನ್ನ ಕೈಯಲ್ಲಿ ಕಸದ ವಿಲೇವಾರಿ. ಏಕೆ? ಬಹಳ ದಿನ ಯೋಚಿಸಿದೆ. ನನ್ನ ತಾಯಿ ರಫ್ ಪುಸ್ತಕ ಹೊಲಿದುಕೊಟ್ಟದ್ದು ಹೊಸ ಪುಸ್ತಕಗಳ ಜೊತೆಗೆ. ಹೊಸತು ಕೊಡಬೇಕಾದಷ್ಟು ಕೊಟ್ಟು, ಅದರ ಮೇಲೆ ತಪ್ಪಲು ಸ್ವಾತಂತ್ರ್ಯವನ್ನೂ ಕೊಟ್ಟದ್ದು. ನಾನು ಹೊಸತನ್ನು ನನ್ನ ಮಗಳಿಗೆ ಇಟ್ಟುಕೊಂಡು, ತಪ್ಪುವ ಸ್ವಾತಂತ್ರ್ಯವನ್ನು ಮಾತ್ರ ಇನ್ನೊಬ್ಬರ ಮಗಳಿಗೆ ದಾನ ಮಾಡಿದೆ. ನನ್ನ ಮಗಳಿಗೆ ಕಲೆಯಿಲ್ಲದ ಪುಟ ಬೇಕು. ಆ ಹುಡುಗಿಗೆ ಕಲೆಯಾದರೂ ಚೆಂದ ಎಂದರೆ ಅದು ಯಾವ ನ್ಯಾಯ? ಐದು ಪುಸ್ತಕ ಕೊಳ್ಳಲು ಶಕ್ತಿಯಿದ್ದರೆ ಅವಳ ತಾಯಿಯೂ ಐದನ್ನೂ ಕೊಂಡು, ಕಂದು ಕಾಗದ ಹೊದಿಸಿ, ಒಂದು ವೇಳೆ ನನ್ನ ಹಾಗೆಯೇ ಹಾಳೆಯನ್ನೂ ಹರಿಯುತ್ತಿದ್ದಳೋ ಏನೋ. ಹರಿಯುವ ಹಾಳೆ ಇಲ್ಲದಿರುವುದನ್ನು ಅವಳ ಗುಣವೆಂದು ಹೊಗಳಿದ್ದು ನನ್ನ ಅವಿವೇಕ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಹಕ್ಕೆಂದು ಹೇಳಿದ 2009ರ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಕ್ಕು ಎಂದ ಮೇಲೆ ಅದರಲ್ಲಿ ಒಂದು ಹಾಳೆ ಕೆಡಿಸುವಷ್ಟು ಸಮೃದ್ಧಿಯೂ ಸೇರಿರಬೇಕಲ್ಲವೆ?

ಮನೆಯಲ್ಲೇ ಮಕ್ಕಳಿಗೆ ಕಲಿಸಿದ ದೊಡ್ಡವರು ನಮ್ಮಲ್ಲಿ ಇಲ್ಲದಿಲ್ಲ. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ತಮ್ಮ ಮಕ್ಕಳನ್ನು ಅಲ್ಲಿನ ಶಾಲೆಗೆ ಕಳುಹಿಸಲಿಲ್ಲ. ಜೊಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಚೇರಿಗೆ ಹೋಗಿಬರುವ ಐದು ಮೈಲಿ ದಾರಿಯಲ್ಲಿ ಮಾತಿನ ಮೂಲಕ ಪಾಠ ಹೇಳುತ್ತಿದ್ದರು. ಅಲ್ಲಿ ನೋಟ್‌ಬುಕ್ಕಿನ ತಂಟೆಯೇ ಇಲ್ಲ. ಆದರೆ ಅವರು ಆತ್ಮಕಥೆಯಲ್ಲಿ ಒಂದು ಮಾತನ್ನು ಮುಚ್ಚಿಡುವುದಿಲ್ಲ: ದಿನಕ್ಕೆ ಒಂದು ಗಂಟೆಯನ್ನಾದರೂ ತಪ್ಪದೆ ಕೊಡಲಾಗಲಿಲ್ಲವೆಂಬ ಕೊರಗು ತಮಗೂ ಇದೆ, ಮಕ್ಕಳಿಗೂ ಇದೆ, ಹಿರಿಯ ಮಗ ಅದನ್ನು ಪತ್ರಿಕೆಗಳಲ್ಲೂ ಹೇಳಿಕೊಂಡ ಎಂದು ಬರೆದಿದ್ದಾರೆ. ಅಕ್ಷರ ಚೆನ್ನಾಗಿಲ್ಲವೆಂದು ತಮ್ಮ ಬಗ್ಗೆಯೇ ನಾಚಿಕೊಂಡವರು ಅವರು. ಮಕ್ಕಳಿಗೆ ಮೊದಲು ಚಿತ್ರ ಬರೆಯಲು ಕಲಿಸಿ ಆಮೇಲೆ ಅಕ್ಷರ ಕಲಿಸಬೇಕೆಂದೂ ಹೇಳಿದವರು. ಇತ್ತ ನಮ್ಮ ಸಂಪಾಜೆ ಘಾಟಿ ಇಳಿದು ಸುಳ್ಯ ದಾಟಿದರೆ ಪುತ್ತೂರು. ಅಲ್ಲಿಯ ಬಾಲವನದಲ್ಲಿ ಶಿವರಾಮ ಕಾರಂತರು ತಮ್ಮ ಮಕ್ಕಳ ಮೊದಲ ವರ್ಷಗಳ ಕಲಿಕೆಯನ್ನು ಮನೆಯಲ್ಲೇ ನಡೆಸಿದರು. ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಬರೆದವರಿಗೆ ಅದಕ್ಕೆ ಅಧಿಕಾರವಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ, 2021ರಲ್ಲಿ, ಮೂವರೂ ಕೂಡಿ ತಂದೆಯ ಜೊತೆ ಬೆಳೆದ ಕಥೆಯನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. ಒಂದು ಮನೆಯಲ್ಲಿ ಮಗ ದೂರು ಬರೆದ, ಇನ್ನೊಂದು ಮನೆಯಲ್ಲಿ ಮಕ್ಕಳು ನೆನಪು ಬರೆದರು. ತಂದೆ ಎಷ್ಟೇ ದೊಡ್ಡವನಿರಲಿ, ಲೇಖನಿ ಕೊನೆಗೆ ಮಕ್ಕಳ ಕೈಗೇ ಹೋಗುತ್ತದೆ. ಆ ಪುಟವನ್ನು ಹರಿಯುವುದಕ್ಕೆ ಯಾವ ಅಪ್ಪನಿಗೂ ಆಗುವುದಿಲ್ಲ. ಗಾಂಧೀಜಿ ಹರಿಯಲೂ ಹೋಗಲಿಲ್ಲ, ತಮ್ಮ ಕೈಯಿಂದಲೇ ಅದನ್ನು ನಕಲು ಮಾಡಿ ಲೋಕಕ್ಕೆ ಕೊಟ್ಟರು.

ಅಚ್ಚುಕಟ್ಟನ್ನು ನಾನು ತೊರೆದೆನೆಂದು ಯಾರೂ ತಿಳಿಯಬಾರದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳಿಗೆ ಬಂದರು. ಕಾಲೇಜಿನ ನಾವು ಕೆಲವರು ಒಂದು ಕೇಂದ್ರದಲ್ಲಿ ಮಕ್ಕಳಿಗೆ ನೋಟ್‌ಬುಕ್ಕು ಪೆನ್ಸಿಲು ಹಂಚಲು ಹೋಗಿದ್ದೆವು. ಹತ್ತನೆಯ ತರಗತಿಯ ಒಬ್ಬ ಹುಡುಗ ಪುಸ್ತಕಗಳನ್ನು ತೆಗೆದುಕೊಂಡ, ಒಂದೊಂದನ್ನೂ ತೆರೆದು ನೋಡಿದ, ಆಮೇಲೆ, "ಸಾರ್, ಬರೆದದ್ದು ಎಲ್ಲಿ ಸಿಗುತ್ತದೆ?" ಎಂದ. ಜೂನಿನಿಂದ ಆಗಸ್ಟಿನವರೆಗೆ ಅವನು ಬರೆದ ಎರಡೂವರೆ ತಿಂಗಳ ಪಾಠ ಮಣ್ಣಿನ ಕೆಳಗೆ ಇತ್ತು. ಸ್ನೇಹಿತರ ಪುಸ್ತಕ ನೋಡಿ ಬರೆದುಕೊಳ್ಳಬಹುದು ಎಂದು ಯಾರೋ ಹೇಳಿದರು. "ಅದು ಅವರದ್ದಲ್ಲವಾ ಸಾರ್" ಎಂದ. ಆಗ ಅವನ ಮಾತು ನನಗೆ ಹಟದಂತೆ ಕೇಳಿಸಿತು. ಖಾಲಿ ಪುಸ್ತಕವೂ ಬರೆದ ಪುಸ್ತಕವೂ ಬೇರೆ ಬೇರೆ ವಸ್ತುಗಳೆಂದು ತಿಳಿಯಲು ನನಗೆ ಇನ್ನೂ ಮೂರು ವರ್ಷ ಬೇಕಾಯಿತು. ಅಂಗಡಿಯಿಂದ ತಂದು, ಹೊದಿಸಿ, ಚೀಟಿ ಅಂಟಿಸುವವರೆಗೆ ಅದು ನನ್ನದು. ಕಾಸು ಕೊಟ್ಟವನು ನಾನು, ಮಳೆಯಿಂದ ಕಾಯಬೇಕಾದವನೂ ನಾನು. ಮಗು ಮೊದಲ ಅಕ್ಷರ ಬರೆದ ಗಳಿಗೆಯಿಂದ ಅದು ನನ್ನದಲ್ಲ. ಆಮೇಲೆ ನಾನು ಕೊಡೆ ಹಿಡಿಯಬಹುದು, ತಪ್ಪಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಬಹುದು, ಅದೂ ಕೇಳಿ. ಈ ಗೆರೆ ಎಲ್ಲಿದೆ ಎಂದು ಗೊತ್ತಿರುವ ಅಪ್ಪಂದಿರು ಇರಬಹುದು. ನನಗಂತೂ ಪ್ರತಿ ವರ್ಷ ಹೊಸದಾಗಿ ಎಡವಿಯೇ ಗೊತ್ತಾಗುವುದು.

ಮಗಳು ಈಗ ಎಂಟನೆಯ ತರಗತಿ. ಈ ವರ್ಷ ಅವಳು ತನ್ನ ಪುಸ್ತಕಗಳಿಗೆ ತಾನೇ ಹೊದಿಕೆ ಹಾಕಿಕೊಳ್ಳುವೆನೆಂದಳು. ಎರಡು ಪುಸ್ತಕಗಳ ಮೂಲೆ ಎದ್ದಿದೆ. ವಿಜ್ಞಾನದ ಚೀಟಿ ಓರೆಯಾಗಿದೆ. ಮಳೆ ನೀರು ಆ ಮೂಲೆಯಿಂದಲೇ ಒಳಗೆ ಇಳಿಯುತ್ತದೆಂದು ನನಗೆ ಗೊತ್ತು. ಒಂದು ಸಲ ಹೇಳಿದೆ. ಕೇಳಿಸಿಕೊಂಡಳು. ಅವಳು ಅಂದು ಹಿಂದಿರುಗಿಸಿದ ಮಗ್ಗಿಯ ಹಾಳೆ ನನ್ನ ಮೇಜಿನ ಖಾನೆಯಲ್ಲಿದೆ. ಅದರ ಜೊತೆಯ ಹಾಳೆಯಲ್ಲಿ ಅವಳು ಏನು ಬರೆದಿದ್ದಳೆಂದು ಎಷ್ಟು ನೆನೆದರೂ ನೆನಪಾಗುವುದಿಲ್ಲ.

ಮಗ ನಾಲ್ಕನೆಯ ತರಗತಿ. ಅವನು ಅಕ್ಕನನ್ನು ನೋಡಿ ತನಗೂ ಕತ್ತರಿ ಬೇಕೆಂದು ಕುಳಿತಿದ್ದಾನೆ. ಕೊಟ್ಟಿದ್ದೇನೆ. ಕಾಗದವನ್ನು ಅಳೆಯದೆ ಕತ್ತರಿಸಿದ. ಎರಡು ಬೆರಳು ಕಡಿಮೆಯಾಯಿತು. ಇನ್ನೊಂದು ಹಾಳೆಗೆ ಪೇಟೆಗೆ ಹೋಗಬೇಕು, ಮಳೆ ಸ್ವಲ್ಪ ಬಿಡಲಿ ಎಂದು ಕಾಯುತ್ತಿದ್ದೇವೆ.